ಕಪ್ತಾನನ ತಮ್ಮ

“ಇನ್ನು ನಿಮಗೆ ಜೊತೆ ಸಿಕ್ಕಿತು ಮಾಸ್ಟ್ರೇ,” ಎಂದಳು ಇಸ್ತ್ರಿ ಅಂಗಡಿಯ ಅಕ್ಕ, ಹೊಲಿಗೆ ಮಿಷಿನ್ನಿನ ಮೇಲೆ ಬಗ್ಗಿ. “ನಮ್ಮ ನಾದಿನಿ ಬಂದಿದಾಳೆ. ಇಪ್ಪತ್ತು ವರ್ಷ ಸ್ಪ್ಯಾನಿಷ್ ಮಾತಾಡೋ ದೇಶದಲ್ಲಿ ನರ್ಸಾಗಿದ್ದೋಳು. ಇವತ್ತು ಸಂಜೆ ಆ ಪುಸ್ತಕದ ಕೊನೇ ಪುಟದ ಕತೆ ಹೇಳ್ತೀರಲ್ಲ, ಕೇಳೋಕೆ ಬರ್ತಾಳೆ.”

ದರ್ಜಿಯ ಕಾಲು ಪೆಡಲಿನ ಮೇಲೆ ನಿಂತೇಹೋಯಿತು.

ಯಾರೋ ಪ್ರವಾಸಿ ಅಂಗಡಿಯಲ್ಲಿ ಮರೆತುಹೋದ ನಾನೂರು ಪುಟದ ಸ್ಪ್ಯಾನಿಷ್ ಕಾದಂಬರಿ ಅದು, ಒಬ್ಬ ಹಡಗಿನ ಕಪ್ತಾನನ ಕತೆ. ಹೊಲಿಯದೆ ಬಿದ್ದ ಬಟ್ಟೆಯಂತೆ ಓದದೆ ಬಿದ್ದ ಪುಸ್ತಕವೂ ದರ್ಜಿಯ ಕಣ್ಣು ಚುಚ್ಚುತ್ತಿತ್ತು. ಹಳೆಯ ಡಿಕ್ಷನರಿ ಹುಡುಕಿ ತಂದ. ಕಾಜಾ ಹೊಲಿಯುತ್ತಲೇ ಫೋನಿನಲ್ಲಿ ಪಾಠ ಕೇಳಿದ. ಸಾಲಿನ ಕೊನೆಯ ಶಬ್ದಕ್ಕೆ ಅರ್ಥ ಸಿಗುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತಿತ್ತು. ಆದರೂ ಎರಡು ವರ್ಷ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಅವತ್ತು ಓದಿದ್ದನ್ನು ಬೀದಿಯವರಿಗೆ ಹೇಳುತ್ತಿದ್ದ. ತಿಳಿಯದ ಕಡೆ ತೇಪೆ ಹಾಕುತ್ತಿದ್ದ. ಎಷ್ಟಾದರೂ ಕಸುಬು ಅದೇ.

ಎಡವಟ್ಟಾದದ್ದು ನೂರಾಹತ್ತನೆಯ ಪುಟದಲ್ಲಿ. ಬಿರುಗಾಳಿ, ಮುರಿದ ಹಡಗು, ಅಳುವ ಹೆಂಗಸು, ಅಷ್ಟು ತಿಳಿಯಿತು. ಕಪ್ತಾನ ಸತ್ತ ಎಂದುಬಿಟ್ಟ. ಅಕ್ಕ ಕಣ್ಣೊರೆಸಿಕೊಳ್ಳುತ್ತಾ ಯಾರದೋ ಅಂಗಿ ಸುಟ್ಟಳು. ಮರುದಿನ ಪುಟ ತಿರುಗಿಸಿದರೆ ಕಪ್ತಾನ ಕೂತು ಬಿಸಿ ಹಾಲು ಕುಡಿಯುತ್ತಿದ್ದ. ಅಷ್ಟೊಂದು ಅತ್ತವರ ಮುಂದೆ ಯಾವ ಮುಖ ಇಟ್ಟುಕೊಂಡು ಅವನನ್ನು ಬದುಕಿಸುವುದು? ಹಾಲು ಕುಡಿಯುತ್ತಿರುವವನು ಕಪ್ತಾನನ ತಮ್ಮ ಎಂದ. ಅಂದಿನಿಂದ ತಮ್ಮನೇ ಬೀದಿಯ ಕಣ್ಮಣಿ. ನಿನ್ನೆಯಷ್ಟೇ ಅವನಿಗೂ ಆ ಹೆಂಗಸಿಗೂ ಮದುವೆಯಾಗಿ, ಎಲ್ಲರೂ ತಂತಮ್ಮ ಮನೆಯದೇ ಮದುವೆ ಎಂಬಂತೆ ಹಿಗ್ಗಿದ್ದರು.

ಈಗ ನರ್ಸು ಬಂದು, ಯಾವ ತಮ್ಮ ಎಂದುಬಿಟ್ಟರೆ? ಎರಡು ವರ್ಷದ ಮರ್ಯಾದೆ ಒಂದೇ ಸಂಜೆಗೆ ಚಿಂದಿ.

ಆ ಗಾಬರಿಯಲ್ಲಿ ಪ್ಯಾಂಟಿನ ಎರಡೂ ಕಾಲನ್ನು ಒಂದಕ್ಕೊಂದು ಸೇರಿಸಿ ಹೊಲಿದ. ಪುಸ್ತಕವನ್ನು ಬಟ್ಟೆಯ ರಾಶಿಯಡಿ ತುರುಕಿ, ಕಳೆದುಹೋಯಿತು ಎಂದು ಸಾರಿದ. ಎದುರಿನ ಸೈಕಲ್ ರಿಪೇರಿಯವನು ಕೈ ಒರೆಸಿಕೊಂಡು ಬಂದು ಎರಡೇ ನಿಮಿಷದಲ್ಲಿ ಹುಡುಕಿಕೊಟ್ಟ. ಕಣ್ಣು ಮಂಜು ಎಂದರೆ ತನ್ನ ಕನ್ನಡಕವನ್ನೇ ತೆಗೆದು ದರ್ಜಿಯ ಮೂಗಿಗೆ ಏರಿಸಿದ. ಗಂಟಲು ಕಟ್ಟಿದೆ ಎಂದಾಗ ಅಕ್ಕ ಬಿಸಿನೀರು ತಂದಿಟ್ಟು, “ಹೋಗ್ಲಿ ಬಿಡಿ, ನಾದಿನೀನೇ ಓದಿ ಹೇಳ್ತಾಳೆ,” ಎಂದಳು.

ನಾಲ್ಕಕ್ಕೆ ಬೀದಿಗೆ ಬೀದಿಯೇ ಸ್ಟೂಲು ಹಿಡಿದು ಬಂದಿತ್ತು. ನರ್ಸು ಪುಸ್ತಕ ಬಿಡಿಸಿದಳು. ಸಾಲುಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಅರ್ಥ, ಹೊಡೆದುಹಾಕಿ ಮತ್ತೆ ಬರೆದದ್ದು, ಅಂಚಿನಲ್ಲಿ ಸೀಮೆಸುಣ್ಣದ ಬೆರಳಚ್ಚು. ಅವಳು ಎಷ್ಟೋ ಹೊತ್ತು ಪುಟ ತಿರುವಿದಳು. ದರ್ಜಿ ಅಳತೆಯ ಟೇಪನ್ನು ಬೆರಳು ಕೆಂಪಾಗುವಷ್ಟು ಬಿಗಿದುಕೊಂಡ.

“ತಮ್ಮ ಹೇಗಿದಾನಮ್ಮ?” ಎಂದು ಕೇಳಿದ ಸೈಕಲ್ಲಿನವನು.

“ಚೆನ್ನಾಗಿದಾನೆ,” ಎಂದಳು ನರ್ಸು. “ಮಾಸ್ಟ್ರು ಹೇಳಿದ ಹಾಗೇ ಇದೆ.” ಕೊನೆಯ ಪುಟವನ್ನೂ ತಮ್ಮನ ಕತೆಯಾಗಿಯೇ ಓದಿ ಹೇಳಿದಳು.

ಚಪ್ಪಾಳೆ ಮುಗಿದು ಸ್ಟೂಲುಗಳೆಲ್ಲ ಮನೆ ಸೇರಿದ ಮೇಲೆ ಅವಳು ದನಿ ತಗ್ಗಿಸಿದಳು. “ಅಣ್ಣಾ, ಇದರಲ್ಲಿ ತಮ್ಮನೇ ಇಲ್ಲ.”

“ಗೊತ್ತಮ್ಮ.”

“ಇಪ್ಪತ್ತು ವರ್ಷ ಆ ಭಾಷೇಲೇ ಬಾಳಿದೆ, ಒಂದು ಕಾದಂಬರಿ ಪೂರ್ತಿ ಓದೋಕಾಗ್ಲಿಲ್ಲ. ನೀವು ಇಲ್ಲೇ ಕೂತು ನಾನೂರು ಪುಟ ದಾಟಿದೀರಿ. ಅದನ್ನ ನಾಲ್ಕು ಜನರ ಮುಂದೆ ಹರಿಯೋಕೆ ನನಗೆ ಕೈ ಬರ್ಲಿಲ್ಲ.” ಹಾಗೆಂದು ಚೀಲದಿಂದ ಇಟ್ಟಿಗೆಯಂಥ ಪುಸ್ತಕವೊಂದನ್ನು ತೆಗೆದು ಮಿಷಿನ್ನಿನ ಮೇಲಿಟ್ಟಳು. “ಅತ್ತಿಗೆ ಫೋನಲ್ಲಿ ಪುಸ್ತಕದ ಹೆಸರು ಹೇಳಿದ್ರು. ಬರೋವಾಗ ಎರಡನೇ ಭಾಗ ತಂದೆ.”

“ಎರಡನೇ ಭಾಗ?”

“ಕೊನೇ ಸಾಲಿನ ಕೆಳಗೆ ‘ಮೊದಲ ಭಾಗ ಮುಗಿಯಿತು’ ಅಂತಿದೆಯಲ್ಲ, ಅದನ್ನೂ ಹಾರಿಸಿಬಿಟ್ರಾ? ನಾಳೆಯಿಂದ ಶುರು ಅಂತ ಅತ್ತಿಗೆ ಆಗ್ಲೇ ಎಲ್ಲರಿಗೂ ಹೇಳಾಯ್ತು. ನಾನೂ ದಿನಾ ಬರ್ತೀನಿ. ಆದ್ರೆ ಈ ಸಲ ಇದ್ದದ್ದನ್ನ ಇದ್ದ ಹಾಗೇ ಹೇಳ್ಬೇಕು ಅಣ್ಣಾ, ತೇಪೆ ಹಾಕಿದ್ರೆ ನಾನು ಸುಮ್ಮನಿರಲ್ಲ.”

ಅವಳು ಹೋದ ಮೇಲೆ ದರ್ಜಿ ಎರಡನೇ ಭಾಗದ ಮೊದಲ ಪುಟ ತೆರೆದ. ಎರಡು ವರ್ಷದಲ್ಲಿ ಇದೇ ಮೊದಲ ಸಲ ಇಡೀ ಒಂದು ಸಾಲು, ಡಿಕ್ಷನರಿ ಮುಟ್ಟದೆ, ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಯಿತು. ಮದುವೆಯಾದ ಒಂಬತ್ತನೆಯ ದಿನ ಕಪ್ತಾನ ಸತ್ತ. ಬೀದಿಯ ಲೆಕ್ಕದಲ್ಲಿ, ತಮ್ಮ.

ದರ್ಜಿ ಡಿಕ್ಷನರಿಯನ್ನು ಎಳೆದುಕೊಂಡು, ಸಾಯುವುದಕ್ಕೆ ಬೇರೇನಾದರೂ ಅರ್ಥವಿದೆಯೇ ಎಂದು ಹುಡುಕತೊಡಗಿದ.