ಯಾಯ್ ಕಲಿಸಿದ ಬೆನ್ನುನೋವು

ಮಗಳ ಮನೆಯಲ್ಲಿ ಕೂತು ಉಣ್ಣುವುದು ನನಗೆ ಬರುತ್ತಿರಲಿಲ್ಲ. ಅಡುಗೆಕಟ್ಟೆಗೆ ಒರಗಿ ನಿಂತೇ ಎರಡು ರೊಟ್ಟಿ ಮುಗಿಸುತ್ತಿದ್ದೆ. "ಅತ್ತೀ, ಕುರ್ಚಿ ಕಚ್ಚಂಗಿಲ್ಲರಿ," ಎನ್ನುತ್ತಿದ್ದ ಅಳಿಯ. ಒಳ್ಳೆಯ ಹುಡುಗ. ಆದರೆ ನಮ್ಮ ಕಡೆ ತಾಯಿಯಾದವಳು ಮಗಳ ಮನೆಗೆ ಬರಬೇಕು, ಹೋಗಬೇಕು. ಹಾಸಿಗೆ ಹಾಸಿಕೊಂಡು ಇರಬಾರದು. ಹಾಗಾಗಿ ಅಮೆರಿಕದ ಈ ಜರ್ಮನ್‌ಟೌನಿಗೆ ಬಂದಾಗಿನಿಂದ ನನ್ನ ಬಟ್ಟೆ ಸೂಟ್‌ಕೇಸಿನಲ್ಲೇ ಇತ್ತು. ಮಗಳು ಸುವರ್ಣಾ ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿಕೊಟ್ಟಳು. ನಾನು ಅದರಲ್ಲಿ ಒಂದು ಬಾಚಣಿಗೆ ಇಟ್ಟೆ. ಮೂರು ತಿಂಗಳಾದ ಮೇಲೆ ಷಾರ್ಲೆಟ್ಟಿನಲ್ಲಿರುವ ಮಗ ಬಸು ಬಂದು ಕರೆದುಕೊಂಡು ಹೋಗಬೇಕು, ಆಮೇಲೆ ನಾನು ಅಲ್ಲೇ ಇರಬೇಕು ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವಳು ನಾನೇ. ನಿಜ ಹೇಳಬೇಕೆಂದರೆ ಹೋಗಲು ಮನಸ್ಸಿರಲಿಲ್ಲ. ಬಸುವಿನ ಮನೆ ದೊಡ್ಡದು, ಸೊಸೆಯೂ ಒಳ್ಳೆಯವಳು. ಆದರೆ ಒಂಬತ್ತು ವರ್ಷದ ಮೊಮ್ಮಗಳು ಅನ್ವಿ ಇರುವುದು ಇಲ್ಲಿ. "ಇರು" ಎಂದು ಸುವರ್ಣಾ ಅನ್ನಲಿಲ್ಲ, ನಾನು ಕೇಳಲಿಲ್ಲ. ಇವಳಿಗೂ ನನ್ನಿಂದ ಸಾಕಾಗಿರಬೇಕು ಎಂದುಕೊಂಡೆ.

ನಮ್ಮ ಕೆಳಗಿನ ಮನೆಯಲ್ಲಿ ಥಾಯ್ ದೇಶದವರಿದ್ದಾರೆ. ನೋಯ್ ಎಂಬ ಹೆಂಗಸು, ಅವಳ ಎಂಟು ವರ್ಷದ ಮಗಳು ಪ್ಲಾ, ಮತ್ತು ನನ್ನ ವಯಸ್ಸಿನ ತಾಯಿ. ಆ ತಾಯಿಯನ್ನು ಎಲ್ಲರೂ ಯಾಯ್ ಎನ್ನುತ್ತಾರೆ. ಅವರಲ್ಲಿ ತಾಯಿಯ ತಾಯಿಗೆ ಹಾಗೆನ್ನುವುದಂತೆ. ಕುಂಡದಲ್ಲಿ ಬೆಳೆದ ಒಂದು ಮೆಣಸಿನಕಾಯಿ ಕಿತ್ತು ಆಕೆ ನನ್ನ ಕೈಗಿಟ್ಟಳು. ಕಚ್ಚಿದೆ, ಕಣ್ಣು ಮಿಟುಕಿಸಲಿಲ್ಲ. ಮರುದಿನ ನನ್ನ ಕೆಂಪು ಚಟ್ನಿ ಒಯ್ದುಕೊಟ್ಟೆ. ಆಕೆಯೂ ಮಿಟುಕಿಸಲಿಲ್ಲ. ಗೆಳೆತನವಾಯಿತು. ಮಾತಿಗೆ ಇಬ್ಬರು ಮೊಮ್ಮಕ್ಕಳು: ಯಾಯ್ ಹೇಳಿದ್ದನ್ನು ಪ್ಲಾ ಇಂಗ್ಲಿಷಿಗೆ ತರುತ್ತಾಳೆ, ಅನ್ವಿ ಅದನ್ನು ತನಗೆ ಬಂದ ಕನ್ನಡಕ್ಕೆ ತರುತ್ತಾಳೆ. ದಾರಿಯಲ್ಲಿ ಎಷ್ಟು ಸೋರಿತೋ ದೇವರಿಗೆ ಗೊತ್ತು.

ಯಾಯ್ ಗದ್ದೆಯ ಹಳ್ಳಿಯವಳು. ಏಳು ವರ್ಷಕ್ಕೇ ಸಂಜೆ ಅಂಟಕ್ಕಿ ನೆನೆಹಾಕಿ, ಬೆಳಗ್ಗೆ ಸೂರ್ಯನಿಗಿಂತ ಮೊದಲೆದ್ದು ಬಿದಿರಿನ ಬುಟ್ಟಿಯಲ್ಲಿ ಹಬೆಗಿಡಬೇಕಾಗಿತ್ತು. ಆಮೇಲೆ ತಮ್ಮನನ್ನು ಎತ್ತಿಕೊಳ್ಳುವುದು, ಎಮ್ಮೆಗೆ ಸ್ನಾನ ಮಾಡಿಸುವುದು, ಸಂಜೆ ಅಜ್ಜಿಯ ಬೆನ್ನಿನ ಮೇಲೆ ನಡೆದು ನೋವಿಳಿಸುವುದು. ನನಗೂ ಇಷ್ಟೇ ಇತ್ತು. ಅಕ್ಕಿಯ ಬದಲು ರೊಟ್ಟಿ ಬಡಿಯುವುದು, ಜೊತೆಗೆ ಸಗಣಿ ಬಾಚುವುದು. ತಮ್ಮಂದಿರನ್ನು ಹೊತ್ತು ಹೊತ್ತು ಇಬ್ಬರ ಸೊಂಟವೂ ಎಡಕ್ಕೇ ವಾಲಿದೆ. ವ್ಯತ್ಯಾಸ ಒಂದೇ. ನನಗೆ ನಮ್ಮವ್ವ, "ಕಲ್ತುಕೋ, ನಾಳೆ ಮಂದಿ ಮನಿಗೆ ಹೋಗಾಕಿ," ಎನ್ನುತ್ತಿದ್ದಳು. ಯಾಯ್‌ಗೆ ಅವಳವ್ವ, ನೀನು ಕಿರಿಯ ಮಗಳು, ಈ ಮನೆ ನಿನ್ನದು, ನಾವೂ ನಿನ್ನವರು ಎನ್ನುತ್ತಿದ್ದಳಂತೆ. ಅವರ ಊರಿನಲ್ಲಿ ಗಂಡನೇ ಹೆಂಡತಿಯ ಮನೆಗೆ ಬಂದು ಇರುವುದು.

"ಅಜ್ಜೀ, ಯಾಯ್ ಆಸ್ಕ್ ಮಾಡ್ತಿದ್ದಾರೆ, ಡಾಟರ್ ಮನಿ ಇಲ್ಲೇ ಐತಿ, ನೀ ಯಾಕ ಹೋಗ್ತಿ?"

"ಮಗನ ಮನಿ ನನ್ನ ಮನಿ ಅಂತ ಹೇಳು."

ಯಾಯ್ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಅನ್ವಿಯೂ ನಕ್ಕಳು. "ಅದು ಅವನ ವೈಫ್ ಅಮ್ಮಂದು ಜಾಗ ಅಂತ! ನೀ ಅಲ್ಲಿ ಗೆಸ್ಟ್ ಅಂತ!"

ನನಗೆ ಸಿಟ್ಟು ಬಂತು. ಅದರ ಹಿಂದೆಯೇ ನೆನಪು ಬಂತು. ಹಾಲಿನ ಕೆನೆ ಬಸುವಿಗೆ ಹಾಕಿ, ತಳ ಕೆರೆಯಲು ಪಾತ್ರೆಯನ್ನು ಸುವರ್ಣಾಳಿಗೆ ಕೊಟ್ಟವಳು ನಾನು. ಮಂದಿ ಮನೆಗೆ ಹೋಗುವವಳು ಎಂದು ಹೇಳಿ ಹೇಳಿ ಕಳಿಸಿದೆ. ಈಗ ಆ ಮಂದಿ ಮನೆಯ ಕಟ್ಟೆಗೆ ಒರಗಿ ನಾನೇ ನಿಂತಿದ್ದೇನೆ.

ಬಸು ಬರುವ ಹಿಂದಿನ ದಿನ ಪ್ಲಾ ಯಾಯ್ ಬೆನ್ನಿನ ಮೇಲೆ ನಡೆಯುವುದನ್ನು ಅನ್ವಿ ನೋಡಿಬಂದಳು. ತಾನೂ ನಡೆಯಬೇಕಂತೆ. ನಾನು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದೆ. ಪ್ಲಾ ಗುಬ್ಬಿಯಂಥ ಹುಡುಗಿ, ಎಲ್ಲಿ ಕಾಲಿಡಬೇಕೆಂದು ಬಲ್ಲವಳು. ನಮ್ಮದು ಚೀಸ್ ತಿಂದು ಬೆಳೆದದ್ದು. ಮೂರನೇ ಹೆಜ್ಜೆಗೆ ಕುಣಿಯಿತು. ನನ್ನ ಬೆನ್ನು ಲಟಕ್ ಎಂದಿತು. "ಅಜ್ಜೀ, ಸಾರಿ, ಸಾರಿ!" ನನಗೆ ಏಳಲಾಗಲಿಲ್ಲ. ಷಾರ್ಲೆಟ್ಟಿಗೆ ಕಾರಿನಲ್ಲಿ ಏಳು ತಾಸು ಕೂರಬೇಕು. ಬಸುವಿಗೆ ಬರಬೇಡ ಎಂದು ಫೋನ್ ಮಾಡಿದರು.

ಎಣ್ಣೆ, ಬಿಸಿನೀರಿನ ಚೀಲ ಎಂದು ಮೂರು ದಿನ ಕಳೆಯಿತು. ನಾಲ್ಕನೆಯ ದಿನ ನೋವು ಹೋಯಿತು. ನಾನು ಯಾರಿಗೂ ಹೇಳಲಿಲ್ಲ. ಐದನೆಯ ದಿನ ಮನೆಯಲ್ಲಿ ಯಾರೂ ಇಲ್ಲ ಎಂದುಕೊಂಡು, ಉರುಳಿಹೋಗಿದ್ದ ಲಟ್ಟಣಿಗೆಯನ್ನು ಹದಿನಾರರ ಹುಡುಗಿಯಂತೆ ಬಗ್ಗಿ ತೆಗೆದೆ. ತಿರುಗಿದರೆ ಬಾಗಿಲಲ್ಲಿ ಸುವರ್ಣಾ. ಅಂದು ಅವಳು ಆಫೀಸಿಗೆ ಹೋಗಿರಲಿಲ್ಲ. ನಾನು ತಟ್ಟನೆ ಸೊಂಟದ ಮೇಲೆ ಕೈಯಿಟ್ಟೆ. ತಡವಾಗಿತ್ತು. ಅವಳು ಫೋನ್ ಎತ್ತಿಕೊಂಡು ಒಳಗೆ ಹೋದಳು. ಮುಗಿಯಿತು, ನಾಳೆಯೇ ಕಾರು ಎಂದುಕೊಂಡೆ. ಅಷ್ಟರಲ್ಲಿ ಅವಳ ಫೋನಿನ ಮಾತು ಕೇಳಿಸಿತು:

"ಇಲ್ಲೋ ಬಸು, ಅವ್ವಗ ಏಳಾಕ ಆಗವಲ್ದು. ಈ ವಾರ ಬ್ಯಾಡ. ಮುಂದಿನ ವಾರಾನೂ ಡೌಟ್."

ಸುಳ್ಳಾಡಿದ್ದಕ್ಕೆ ಈ ಹುಡುಗಿಯನ್ನು ಸೌದೆ ಹಿಡಿದು ಬಡಿದಿದ್ದೆ ಒಂದು ಕಾಲದಲ್ಲಿ. ಚೆನ್ನಾಗಿ ಬಡಿದಿರಲಿಲ್ಲ, ಪುಣ್ಯ.

ಅಂದು ಸಂಜೆಯೇ ಸುವರ್ಣಾ ಸೂಟ್‌ಕೇಸ್ ಬಿಚ್ಚಿದಳು. "ಬೆನ್ನುನೋವಿನ್ಯಾಗ ನೆಲಕ್ಕ ಬಗ್ಗಬ್ಯಾಡ ನೀ," ಎಂದು ಸೀರೆಗಳನ್ನೆಲ್ಲ ಕಪಾಟಿಗೆ ಏರಿಸಿದಳು, ನನ್ನ ಮುಖ ನೋಡಲಿಲ್ಲ. ನಿನ್ನೆ ಬಸು ವಿಡಿಯೋದಲ್ಲಿ ಬಂದಾಗ ನಾನು ಸೊಂಟ ಹಿಡಿದು ನರಳಿದೆ. "ಅವ್ವಾ, ಮೊನ್ನೆ ಎಡಕ್ಕಿತ್ತಲ್ಲ ನೋವು?" ಎಂದ ಆ ಹುಡುಗ. ಹಿಂದಿನಿಂದ ಸುವರ್ಣಾ, "ಅದು ಓಡಾಡ್ತೈತೋ," ಎಂದಳು.

ಈಗ ನಾನು ಕುರ್ಚಿಯ ಮೇಲೆ ಕೂತೇ ಉಣ್ಣುತ್ತೇನೆ. ಬೆನ್ನುನೋವಿನವಳು ನಿಂತು ಉಂಡರೆ ಯಾರು ನಂಬುತ್ತಾರೆ?