ಜಳಕದ ಟಬ್ಬಿನಲ್ಲಿ ಐರಿಸ್

ಹೆಸರು ಗೊತ್ತಿಲ್ಲದ್ದನ್ನು ಕಂಡರೆ ಸುಮ್ಮನಿರಲಾಗದ ಒಂದು ಜಾತಿಯ ಜನರಿದ್ದಾರೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರ ಊರು ಯಾವುದು, ಅಡ್ಡಹೆಸರೇನು, ಬೀಗರು ಯಾರು ಎಂಬುದೆಲ್ಲ ತಿಳಿಯುವವರೆಗೆ ಅವರಿಗೆ ಉಸಿರಾಡಲಾಗುವುದಿಲ್ಲ. ನಾನೂ ಆ ಜಾತಿಯವನೇ. ಆದರೆ ಮನುಷ್ಯರನ್ನು ಬಿಟ್ಟು ಗಿಡಗಳ ಬೆನ್ನು ಹತ್ತಿದ್ದು ನನ್ನ ಗ್ರಹಚಾರ. ಮನುಷ್ಯರಾದರೆ ಕೇಳಿದ್ದಕ್ಕೆ ಸುಳ್ಳನ್ನಾದರೂ ಹೇಳುತ್ತಾರೆ. ಗಿಡ ಬಾಯಿಯನ್ನೇ ಬಿಡುವುದಿಲ್ಲ. ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದೆ. ಕಲಿತದ್ದು ರಸಾಯನಶಾಸ್ತ್ರ. ಜೀವಶಾಸ್ತ್ರ ಕಲಿಸುತ್ತಿದ್ದವರಿಗೆ ಮುಂಡರಗಿಯಲ್ಲಿ ಬೇರೆ ನೌಕರಿ ಸಿಕ್ಕಿತು. ಹೆಡ್‌ಮಾಸ್ತರರು ನನ್ನನ್ನು ಕರೆದು, "ಆ್ಯಸಿಡ್ ಸಂಭಾಳಸೋರಿಗೆ ಕಪ್ಪಿ ಏನ್ ಮಹಾ ಬಿಡ್ರಿ! ನೀವೇ ತಗೋರಿ ಕ್ಲಾಸು" ಎಂದರು.

ಕಪ್ಪೆ ಕೊಯ್ಯುವ ಎದೆ ನನಗಿರಲಿಲ್ಲ. ಹಾಗಾಗಿ ಗಿಡ ಹಿಡಿದೆ. ಗಿಡವನ್ನು ಕೊಯ್ದರೆ ಅದು ಒದ್ದಾಡುವುದಿಲ್ಲ, ಅದರ ಕಡೆಯವರು ಯಾರೂ ಕೇಳಲು ಬರುವುದಿಲ್ಲ ಎಂಬ ಧೈರ್ಯ. ಗದಗಿನ ರದ್ದಿ ಅಂಗಡಿಯಲ್ಲಿ ಪರದೇಶದ ಕಾಡುಹೂಗಳ ಬಣ್ಣದ ಪುಸ್ತಕವೊಂದು ಸಿಕ್ಕಿತ್ತು. ಅದರಲ್ಲಿ ಐರಿಸ್ ಎಂಬ ಹೂವಿನ ಚಿತ್ರ ಕಂಡು ಮರುಳಾಗಿಬಿಟ್ಟೆ. ಜವುಗು ನೆಲದಲ್ಲಿ ತಾನಾಗಿಯೇ ಬೆಳೆಯುತ್ತದಂತೆ. ಕತ್ತಿಯಂಥ ಎಲೆ; ಮೂರು ಎಸಳು ಎದ್ದು ನಿಂತು ಮೂರು ಎಸಳು ಜೋತುಬೀಳುತ್ತವೆ; ಒಳಗೆ ಮೂರೇ ಮೂರು ಕೇಸರ. ಅದು ಬೆಳೆಯುವ ದೇಶಗಳ ಹೆಸರನ್ನೆಲ್ಲ ಬರೆದವನು ಗದಗನ್ನು ಬರೆದಿರಲಿಲ್ಲ. ಪಾಪ, ಅವನು ಗದಗಿಗೆ ಬಂದಿರಲಿಕ್ಕಿಲ್ಲ ಎಂದುಕೊಂಡೆ.

ಶಿರಹಟ್ಟಿ ನನ್ನ ಹೆಂಡತಿ ಸರೋಜಳ ತವರು. ಒಮ್ಮೆ ಮಳೆಗಾಲದ ಕೊನೆಗೆ ಅಲ್ಲಿಂದ ಮರಳುವಾಗ ದಾರಿಯಲ್ಲಿ ಬಸ್ಸಿನ ಟೈರು ಪಂಕ್ಚರ್ ಆಯಿತು. ಗಂಡಸರೆಲ್ಲ ಇಳಿದು ಬೀಡಿ ಹಚ್ಚಿದರು. ನಾನು ರಸ್ತೆಯಾಚೆಯ ಕೆರೆಯ ಕಡೆ ಹೋದೆ. ಅಲ್ಲಿ, ಕೆಸರಿನಲ್ಲಿ, ಕತ್ತಿಯಂಥ ಎಲೆಗಳನ್ನೆತ್ತಿಕೊಂಡು ನನಗಾಗಿಯೇ ಕಾದಂತೆ ನಿಂತಿತ್ತು ಒಂದು ಗಿಡ! ಕೈಹಾಕಿ ಬುಡಸಮೇತ ಕಿತ್ತು, ಮಾವ ಉಡುಗೊರೆ ಕೊಟ್ಟಿದ್ದ ಹೊಸ ಟವೆಲ್ಲಿನಲ್ಲಿ ಸುತ್ತಿ, ಮೊಣಕಾಲಿನವರೆಗೆ ಕೆಸರಾಗಿ ಬಸ್ಸು ಹತ್ತಿದೆ. ಕಂಡಕ್ಟರ್, "ಸರ, ಎಮ್ಮಿ ಕಟ್ಟೀರೇನ್ರಿ ಮನ್ಯಾಗ?" ಎಂದು ಕೇಳಿದ. ಸರೋಜಾ ಕಿಟಕಿಯತ್ತ ಮುಖ ತಿರುಗಿಸಿ, ನನ್ನ ಪರಿಚಯವೇ ಇಲ್ಲದವಳಂತೆ ಊರು ಮುಟ್ಟುವವರೆಗೆ ಕೂತಿದ್ದಳು. ಮನೆಗೆ ಬಂದು ಬಿಚ್ಚಿದರೆ ಬುಡದಲ್ಲಿ ದುಂಡನೆಯ ಗಡ್ಡೆ. "ಇದು ಉಳ್ಳಾಗಡ್ಡಿ ಐತಲ್ರಿ" ಎಂದಳು ಆಕೆ. ಪುಸ್ತಕದ ಚಿತ್ರದಲ್ಲಿ ಶುಂಠಿಯಂತೆ ಅಡ್ಡ ಹರಿದ ಬೇರಿತ್ತು ನಿಜ. ಆದರೆ ನಮ್ಮದು ಉಳ್ಳಾಗಡ್ಡಿ ಬೆಳೆಯುವ ಸೀಮೆ. ಐರಿಸ್‌ಗೂ ಸಹವಾಸದೋಷ ತಗಲಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಹೂ ಬಿಡುವವರೆಗೆ ಯಾವ ಗಿಡವನ್ನೂ ಖಾತ್ರಿಯಾಗಿ ಗುರುತಿಸಬಾರದು ಎಂದು ಪುಸ್ತಕ ಹೇಳುತ್ತಿತ್ತು. ಹೂ ಬಿಡಬೇಕಾದರೆ ಅದರ ಕಾಲು ನೀರಿನಲ್ಲಿರಬೇಕು. ಗದಗ-ಬೆಟಗೇರಿಯಲ್ಲಿ ನೀರು! ಇಲ್ಲಿ ನಳದ ನೀರೆಂದರೆ ಬೀಗರಿದ್ದಂತೆ. ಯಾವಾಗ ಬರುತ್ತಾರೋ ಗೊತ್ತಿಲ್ಲ, ಬಂದಾಗ ಇಡೀ ಓಣಿಯೇ ಎದ್ದು ಓಡಾಡುತ್ತದೆ. ಅಂಥ ಊರಿನಲ್ಲಿ ಮಕ್ಕಳ ಜಳಕದ ಟಬ್ಬನ್ನು ಹಿತ್ತಲಿಗೆ ಎಳೆದು, ಕೆಸರು ತುಂಬಿ, ನೀರು ನಿಲ್ಲಿಸಿ ಒಂದು ಖಾಸಗಿ ಜವುಗು ಸ್ಥಾಪಿಸಿದೆ. ಸರೋಜಾ ಮೊದಲು ಬೈದಳು, ಆಮೇಲೆ ಬೈಯುವುದನ್ನು ಬಿಟ್ಟಳು; ಎರಡನೆಯದೇ ಹೆಚ್ಚು ಭಯಂಕರವಾಗಿತ್ತು. ಒಂದು ದಿನ ಮಾತ್ರ ತಡೆಯಲಾರದೆ, "ನಮ್ಮ ಹುಡುಗ್ರು ಎರಡು ತಂಬಿಗಿ ನೀರಾಗ ಜಳಕಾ ಮುಗಸ್ತಾವ. ನಿಮ್ಮ ಉಳ್ಳಾಗಡ್ಡಿ ದಿನಪೂರ್ತಿ ಟಬ್ಬಿನ್ಯಾಗ ಕುಂತಿರತೈತಿ. ಮುಂದಿನ ಜನ್ಮದಾಗ ನಿಮ್ಮ ಮನ್ಯಾಗ ಗಿಡಾ ಆಗಿ ಹುಟ್ಟತೀನಿ ನಾನು" ಎಂದಳು. ಮುಂದಿನ ಜನ್ಮದಲ್ಲೂ ನನ್ನ ಮನೆಯನ್ನೇ ಆರಿಸಿಕೊಂಡಳಲ್ಲ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಶಿಕ್ಷಕರ ಕೋಣೆಯಲ್ಲಿ ಚಹಾ ಕುಡಿಯುತ್ತ, ಗದಗಿನ ಸೀಮೆಯಲ್ಲಿ ಕಾಡು ಐರಿಸ್ ಸಿಕ್ಕಿದೆ ಎಂದುಬಿಟ್ಟೆ. ಹಿಂದಿ ಮಾಸ್ತರರಿಗೆ ಐರಿಸ್ ಎಂದರೇನೆಂದು ಗೊತ್ತಿರಲಿಲ್ಲ. ಆದ್ದರಿಂದಲೇ ಬಹಳ ಮೆಚ್ಚಿಕೊಂಡರು. ಸುದ್ದಿ ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಅವರಿಗೆ ಶಾಲೆಯ ಕೀರ್ತಿಯ ಹುಚ್ಚು. ವರ್ಷದ ಗ್ಯಾದರಿಂಗಿಗೆ ಧಾರವಾಡದಿಂದ ಸಸ್ಯಶಾಸ್ತ್ರದ ಪ್ರೊಫೆಸರರೊಬ್ಬರನ್ನು ಕರೆಸಿ ವೇದಿಕೆಯ ಮೇಲೆ ಗಿಡ ತೋರಿಸುವುದೆಂದು ಠರಾಯಿಸಿದರು. ಅದು ಐರಿಸ್ ಅಲ್ಲದಿದ್ದರೆ ಊರ ಮುಂದೆ ನನ್ನ ಮರ್ಯಾದೆ ಮೂರು ಕಾಸಿನದು.

ಗ್ಯಾದರಿಂಗಿನ ಹಿಂದಿನ ದಿನ ಸಂಜೆ, ದೇವರ ದಯೆ, ದಂಟಿನ ತುದಿಯ ಮೊಗ್ಗು ಬಿರಿಯುವಂತಿತ್ತು. ಬೆಳಗಾಗುತ್ತಲೇ ಪುಸ್ತಕ, ಭೂತಗನ್ನಡಿ ಹಿಡಿದು ಹಿತ್ತಲಿಗೆ ಓಡಿದೆ. ಎಲೆಗಳಿದ್ದವು. ದಂಟೇ ಇರಲಿಲ್ಲ! ನನಗೆ ಕ್ಷಣದಲ್ಲೇ ಹೊಳೆಯಿತು. ಪಕ್ಕದ ಮನೆಯ ಗೋದಾಕಾಕು ನಸುಕಿನಲ್ಲೇ ಎದ್ದು ಓಣಿಯ ಹಿತ್ತಲುಗಳನ್ನೆಲ್ಲ ಸುತ್ತಿ ದೇವರಿಗೆ ಹೂ ತರುತ್ತಿದ್ದರು. ಪೂಜೆಗೆ ಕದ್ದರೆ ಅದು ಕಳವಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಒಪ್ಪಿದ ಕಾಯ್ದೆ. ಓಡಿಹೋಗಿ ಬಾಗಿಲಲ್ಲಿ ನಿಂತು, "ಕಾಕು, ನನ್ನ ಹೂವು!" ಎಂದೆ.

"ನಿಮ್ಮದೇನ್ರಿ ಅದು? ಏನ್ ಘಮಘಮಾ ಅದ! ವಿಠ್ಠಲಗ ಏರಿಸೀನಿ" ಎಂದರು ಕಾಕು.

"ಒಂದ್ ಸಲ ನೋಡಬೇಕಾಗೇತ್ರಿ."

"ಜಳಕಾ ಆಗೇದೇನು?"

ಆಗಿರಲಿಲ್ಲ. ಜಳಕವಾಗದೆ ಅವರ ದೇವರಮನೆಯ ಹೊಸ್ತಿಲು ದಾಟುವಂತಿಲ್ಲ. ಏರಿಸಿದ ಹೂವನ್ನು ಮರುದಿನದ ಪೂಜೆಯವರೆಗೆ ತೆಗೆಯುವಂತಿಲ್ಲ. ಮರುದಿನಕ್ಕೆ ಹೂವು ಬಾಡಿ, ಪ್ರೊಫೆಸರರು ಬಂದು ಹೋಗಿರುತ್ತಾರೆ. ಮನೆಗೆ ಓಡಿ ಬಂದೆ. ನಳ ಬಂದು ಎಷ್ಟೋ ದಿನವಾಗಿತ್ತು. ಹಂಡೆ ಬರಿದು; ಕೊಡದಲ್ಲಿದ್ದುದು ಕುಡಿಯುವ ನೀರು, ಅದರ ಮುಂದೆ ಸರೋಜಾ ನಿಂತಿದ್ದಳು. "ಅಲ್ಲೈತಲ್ರಿ ನಿಮ್ಮ ಕೆರಿ" ಎಂದು ಹಿತ್ತಲಿನ ಕಡೆ ಕೈ ಮಾಡಿದಳು. ಬೇರೆ ದಾರಿ ಇರಲಿಲ್ಲ. ಟಬ್ಬಿನ ಆ ಹಸಿರು ನೀರನ್ನೇ ತಂಬಿಗೆಯಲ್ಲಿ ಮೊಗೆದು ತಲೆಯ ಮೇಲೆ ಸುರಿದುಕೊಂಡೆ. ಮೈಗೆ ಸೋಪು ಹಚ್ಚಿದಷ್ಟೂ ಕೆರೆಯ ವಾಸನೆ ಜೋರಾಯಿತು. ಒದ್ದೆ ಪಂಚೆಯಲ್ಲೇ ಹೋದೆ. ಕಾಕು ಮೂಗು ಅರಳಿಸಿದರು, ಆದರೆ ಒದ್ದೆಯಾಗಿದ್ದೆನಲ್ಲ, ಒಳಗೆ ಬಿಟ್ಟರು.

ವಿಠ್ಠಲನ ತಲೆಯ ಮೇಲೆ ಬೆಳ್ಳಗಿನ ಹೂವು ಅರಳಿ ಕೂತಿತ್ತು. ನಾನು ಮಂಡಿಯೂರಿ, ಭೂತಗನ್ನಡಿ ಹಿಡಿದು, ತುಟಿ ಅಲ್ಲಾಡಿಸುತ್ತ ಕೇಸರ ಎಣಿಸಿದೆ. ಆರು. ಮತ್ತೆ ಎಣಿಸಿದೆ, ಈ ಸಲ ನಿಧಾನವಾಗಿ, ಒಂದೆರಡನ್ನು ಬಿಡಲು ಸಾಧ್ಯವೇ ಎಂದು ನೋಡುತ್ತ. ಆರೇ. ವಿಠ್ಠಲ ಸೊಂಟದ ಮೇಲೆ ಕೈಯಿಟ್ಟು, 'ನನ್ನನ್ನೇನು ಕೇಳುತ್ತೀ?' ಎಂಬಂತೆ ನಿಂತಿದ್ದ. ನನಗೆ ನಿಜವಾಗಿಯೂ ಅಳು ಬಂತು. ಇಷ್ಟು ದಿನ ಮಕ್ಕಳ ನೀರು ಕಸಿದು ಸಾಕಿದ್ದೆನಲ್ಲ! ಹಿಂದೆ ನಿಂತಿದ್ದ ಕಾಕು, "ಮಾಸ್ತರಗ ಇಷ್ಟು ಭಕ್ತಿ ಅದ ಅಂತ ಗೊತ್ತಿರಲಿಲ್ಲ ನೋಡ್ರಿ" ಎಂದು ಕೈಗೆ ಸಕ್ಕರೆ ಹಾಕಿದರು.

ನೆಟ್ಟಗೆ ಹೆಡ್‌ಮಾಸ್ತರರಲ್ಲಿಗೆ ಹೋಗಿ, "ಸರ, ಅದು ಐರಿಸ್ ಅಲ್ರಿ" ಎಂದೆ.

"ಆಮಂತ್ರಣ ಪತ್ರಿಕಿ ಅಚ್ಚಾಗಿ ಹಂಚಿ ಆಗೇತಿ. ಇನ್ನ ಅದು ಐರಿಸ್ ಆಗಬೇಕ್ರಿ" ಎಂದರು ಅವರು.

ಸಂಜೆ ವೇದಿಕೆಯ ಮೇಲೆ, ಜರಿ ರುಮಾಲು ಹೊದಿಸಿದ ಮೇಜಿನ ಮೇಲೆ ಟಬ್ಬಿನಿಂದ ಕಿತ್ತು ತಂದ ಗಿಡವಿತ್ತು. ಪ್ರೊಫೆಸರರು ಕನ್ನಡಕ ಏರಿಸಿ ಗಡ್ಡೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನಾನೆದ್ದು ಮೈಕಿನ ಮುಂದೆ, ಕೇಸರ ಆರು ಇವೆ, ಇದು ಐರಿಸ್ ಅಲ್ಲ ಎಂದು ಹೇಳಿ ತಲೆ ತಗ್ಗಿಸಿ ನಿಂತೆ. ಪ್ರೊಫೆಸರರು ಸಮಾಧಾನದ ಉಸಿರುಬಿಟ್ಟು, "ಹೌದು, ಕೆರೆಯಂಚಿನಲ್ಲಿ ಬೆಳೆಯುವ ಲಿಲ್ಲಿಯ ಜಾತಿ. ಐರಿಸ್ ಈ ಕಡೆ ಇಲ್ಲವೇ ಇಲ್ಲ" ಎಂದರು. ಇನ್ನು ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಹೆಡ್‌ಮಾಸ್ತರರು ಎದ್ದರು. ಮೈಕನ್ನು ಹತ್ತಿರ ಎಳೆದುಕೊಂಡು, "ಬಂಧುಗಳೇ, ಐರಿಸ್ ನಮ್ಮ ಸೀಮೆಯಾಗ ಐತೋ ಇಲ್ಲೋ ಅನ್ನೋದನ್ನ ಈವತ್ತಿನ ತನಕಾ ಒಬ್ಬರಾದರೂ ನೋಡಾಕ ಹೋಗಿದ್ದಿಲ್ಲ. ಸ್ವಂತ ಮನಿ ನೀರು ಹಾಕಿ, ಅದು ಇಲ್ಲ ಅಂತ ಮೊಟ್ಟಮೊದಲು ಕಂಡುಹಿಡಿದವರು ನಮ್ಮ ಮಾಸ್ತರರು!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಗೋದಾಕಾಕು. ಪ್ರೊಫೆಸರರ ಕೈಯಿಂದಲೇ ನನಗೆ ಶಾಲು ಹೊದಿಸಿದರು. ಬೇಡ ಎನ್ನಬೇಕೆಂದು ಮನಸ್ಸಿನಲ್ಲಿತ್ತು; ಆದರೆ ಅಷ್ಟರಲ್ಲಿ ಕತ್ತು ತಾನಾಗಿಯೇ ಬಾಗಿಬಿಟ್ಟಿತ್ತು. ಆ ಉತ್ಸಾಹದಲ್ಲಿ ಮುಂದೆ ನಾನು ಗದಗ ಸೀಮೆಯಲ್ಲಿ ಇಲ್ಲದ ಇನ್ನೂ ಹಲವಾರು ಗಿಡಗಳನ್ನು ಕಂಡುಹಿಡಿದೆ.