ಹೆಣ ತನ್ನಿ, ಸೀಗಡಿ ಒಯ್ಯಿರಿ

"ಬೇಕಾದ್ರೆ ಗೋಡೆ ಮೇಲೆ ಬರೆದಿಟ್ಟುಕೋ. ವರ್ಷ ಮುಗಿಯೋದ್ರೊಳಗೆ ನಿಮ್ಮಪ್ಪ ಊರೆಲ್ಲ ಹೇಳ್ಕೊಂಡು ತಿರುಗ್ತಾರೆ, ನನ್ನ ಅಳಿಯ ಸಮುದ್ರವನ್ನೇ ಮನೆಗೆ ತಂದ ಅಂತ."

ಹೀಗೆ ಹೆಂಡತಿಯ ಮುಂದೆ ಘೋಷಿಸಿ ಪುರಾವೆರಾಯರು ಊಟದ ಮೇಜಿನ ಮೇಲಿದ್ದ ತಟ್ಟೆ ಲೋಟಗಳನ್ನು ಅಡುಗೆಮನೆಯ ಕಟ್ಟೆಗೆ ಸಾಗಿಸಿದರು. ಖಾಲಿಯಾದ ಜಾಗದಲ್ಲಿ ಗಾಜಿನ ತೊಟ್ಟಿಯೊಂದನ್ನು ಸಕಲ ಮರ್ಯಾದೆಗಳೊಂದಿಗೆ ಪ್ರತಿಷ್ಠಾಪಿಸಿದರು. ಒಂದು ವಾರದಲ್ಲಿ ಅದರ ಪಕ್ಕ ಇನ್ನೊಂದು ಬಂತು, ತಿಂಗಳಲ್ಲಿ ಮೇಜು ಪೂರ್ತಿ ತುಂಬಿತು. ಗಂಡ ಹೆಂಡತಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಊಟ ಮಾಡತೊಡಗಿದರು.

ಪುರಾವೆರಾಯ ಎನ್ನುವುದು ಆಫೀಸಿನವರು ಇಟ್ಟ ಹೆಸರು. ವಿಮೆ ಆಫೀಸಿನ ಕ್ಲೇಮು ವಿಭಾಗದಲ್ಲಿ ಅವರ ಕುರ್ಚಿ. ಕಳೆದುಹೋಯಿತು, ಮುರಿದುಹೋಯಿತು, ಸುಟ್ಟುಹೋಯಿತು ಎಂದು ಯಾರೇ ಬಂದು ಅಳಲಿ, ಕನ್ನಡಕದ ಮೇಲಿನಿಂದ ನೋಡಿ "ಪುರಾವೆ?" ಎನ್ನುತ್ತಿದ್ದರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುಂಟುತ್ತ ಬಂದವನೊಬ್ಬನಿಗೆ, ಒಳಗಿರುವ ಕಾಲು ನಿಮ್ಮದೇ ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದ್ದರಂತೆ. ಇದು ಸುಳ್ಳೂ ಇರಬಹುದು. ಆದರೆ ಕೇಳಿದವರು ಯಾರೂ ಅನುಮಾನಪಡಲಿಲ್ಲ.

ಹೆಂಡತಿ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದರು, ಬಂದವರಿಗೆ ಸಮಯ ಗೊತ್ತು ಮಾಡಿಕೊಡುವ ಕೆಲಸ. ಅಲ್ಲಿ ರೋಗಿಗಳು ಕಾಯುವ ಕೋಣೆಯಲ್ಲಿ ಒಂದು ಪುಟ್ಟ ಉಪ್ಪುನೀರಿನ ತೊಟ್ಟಿ ಇತ್ತು. ಹೆಂಡತಿಯನ್ನು ಕರೆತರಲು ಹೋದ ರಾಯರು ಒಂದು ಸಂಜೆ ಅದನ್ನು ನೋಡಿದರು, ತಲೆ ಕೆಟ್ಟಿತು. ಇಂಥ ತೊಟ್ಟಿ ಇಟ್ಟುಕೊಂಡವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೆ ಸಣ್ಣಸಣ್ಣ ಹವಳ, ಬಸವನಹುಳು, ಸೀಗಡಿ ಮಾರಿದರೆ ಲಾಭಕ್ಕೆ ಲಾಭ, ಹೆಸರಿಗೆ ಹೆಸರು. ಹವಳದ ದೊಡ್ಡ ಗೆಡ್ಡೆಯನ್ನು ತಂದು ಕತ್ತರಿಸಿ, ಹೆಬ್ಬೆರಳಿನ ಗಾತ್ರದ ಕಲ್ಲಿಗೆ ಅಂಟಿಸಿ, "ಮಹಾರಾಣಿಯ ಬೆಂಡೋಲೆ", "ಸೇನಾಪತಿಯ ಮುಂಡಾಸು" ಎಂದು ನಾಮಕರಣ ಮಾಡಿ ಮಾರತೊಡಗಿದರು. ಈ ವಿದ್ಯೆಯೆಲ್ಲ ಮೂರು ವೀಡಿಯೊ ನೋಡಿ ಬಂದದ್ದು. ನಾಲ್ಕನೆಯದನ್ನೂ ನೋಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ರೀ, ಈ ತೊಟ್ಟಿಗಳ ನೀಲಿ ಬೆಳಕಲ್ಲಿ ನಿಮ್ಮನ್ನ ನೋಡಿದ್ರೆ ನೀರಲ್ಲಿ ಮುಳುಗಿ ಎರಡು ದಿನ ಆದವರ ಹಾಗೆ ಕಾಣ್ತೀರಿ" ಎಂದರು ಹೆಂಡತಿ.

"ಹವಳಕ್ಕೆ ನೀಲಿ ಬೆಳಕೇ ಬೇಕು ಕಣೇ."

"ಹವಳಕ್ಕೆ ಬೇಕು, ಸರಿ. ತಟ್ಟೆಯಲ್ಲಿರೋದು ಏನು ಅಂತ ನನಗೂ ಕಾಣಬೇಕಲ್ಲ. ನೋಡಿ, ಜಗಳ ಬೇಡ. ನಮ್ಮಪ್ಪನ ಬಾಯಿಂದ ನಿಮ್ಮ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಬರಲಿ, ಈ ಮೇಜು ನಿಮ್ಮದು. ಬರಲಿಲ್ವಾ, ವರ್ಷ ಮುಗಿಯೋದ್ರೊಳಗೆ ನಿಮ್ಮ ಸಮುದ್ರ ಮನೆ ಖಾಲಿ ಮಾಡಬೇಕು."

"ಒಂದಲ್ಲ, ಹತ್ತು ಮಾತು ಹೇಳಿಸ್ತೀನಿ" ಎಂದು ರಾಯರು ಮೀಸೆ ಇಲ್ಲದ ಜಾಗವನ್ನು ತಿರುವಿದರು.

ಹೇಳಿಸುವುದು ಸುಲಭವಿರಲಿಲ್ಲ. ಮಾವನವರು ತೂಕ-ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಸರ್ವೀಸಿನುದ್ದಕ್ಕೂ ಅಂಗಡಿ ಅಂಗಡಿ ಹೊಕ್ಕು, ತಕ್ಕಡಿಯ ತಟ್ಟೆಯಡಿ ಅಂಟಿಸಿದ ಹುಣಿಸೆಹಣ್ಣು ಕಿತ್ತು ತೋರಿಸಿದವರು. ಸಂಬಂಧ ನೋಡಲು ಬಂದ ದಿನವೇ ಹುಡುಗನನ್ನು ಅಳೆದು ಮುಗಿಸಿದ್ದರು: "ಸದ್ದು ಜಾಸ್ತಿ, ತೂಕ ಕಡಿಮೆ." ಆ ಮಾತು ಹೇಗೋ ಹುಡುಗನ ಕಿವಿಗೂ ಬಿದ್ದಿತ್ತು. ಮದುವೆಯಾಗಿ ಕೂದಲು ನರೆತರೂ ಅದು ಅವರ ಹೊಟ್ಟೆಯಲ್ಲಿ ಅರಗಿರಲಿಲ್ಲ.

ಹಾಗಾಗಿ ರಾಯರು ಮಾವನನ್ನೇ ಮೊದಲ ಗಿರಾಕಿ ಮಾಡಿಕೊಂಡರು. ಪುಕ್ಕಟೆ ಕೊಡುತ್ತೇನೆಂದರೆ ಮಾವ ಒಪ್ಪಲಿಲ್ಲ. "ಪುಕ್ಕಟೆ ತಗೊಂಡ್ರೆ ದೂರು ಹೇಳೋ ಹಕ್ಕಿರಲ್ಲ" ಎಂದು ದುಡ್ಡು ಕೊಟ್ಟೇ ಒಂದು ತೊಟ್ಟಿ, ಎರಡು ಹವಳ, ಒಂದು ಸೀಗಡಿ ಒಯ್ದರು. ಸೀಗಡಿಯೆಂದರೆ ಅಂತಿಂಥ ಸೀಗಡಿಯಲ್ಲ. ಕೆಂಪು ಬೆನ್ನಿಗೆ ನೆತ್ತಿಯಿಂದ ಬಾಲದವರೆಗೆ ಬಿಳಿ ಪಟ್ಟೆ, ಮಾರುದ್ದ ಬಿಳಿ ಮೀಸೆ. ಮದುವೆಮನೆಗೆ ಹೊರಟ ಗತ್ತು.

ದೂರು ಎಂಬ ಮಾತು ಕೇಳಿ ರಾಯರಿಗೆ ಉಮೇದು ಬಂತು. ಮಾರನೆಯ ದಿನವೇ ಬಾಗಿಲಿಗೆ ಬೋರ್ಡು ತೂಗುಹಾಕಿದರು: "ನಮ್ಮ ಸೀಗಡಿಗೆ ಗ್ಯಾರಂಟಿ. ಸತ್ತರೆ ಹೆಣ ತನ್ನಿ, ಹೊಸದು ಒಯ್ಯಿರಿ."

"ಮನೆ ಬಾಗಿಲ ಮೇಲೆ ಹೆಣ ಅಂತ ಬರೀಬೇಕಾ?" ಎಂದರು ಹೆಂಡತಿ.

"ಪುರಾವೆ ಇಲ್ಲದೆ ಕೊಡೋಕಾಗುತ್ತಾ? ನಾನೇನು ಹೊಸಬನಾ?"

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಮಾವ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಮುಖದಲ್ಲಿ ಒಂದು ಬಗೆಯ ಬೆರಗಿತ್ತು.

"ಅಳಿಯಂದಿರೇ, ಒಂದು ವಿಚಿತ್ರ ನೋಡಿ. ಬೆಳಗ್ಗೆ ಎದ್ದು ತೊಟ್ಟಿ ನೋಡ್ತೀನಿ, ಈ..." ಎನ್ನುತ್ತ ಮುಚ್ಚಳ ತೆಗೆದರು.

ಡಬ್ಬಿಯ ನೀರಿನಲ್ಲಿ ಸೀಗಡಿ ಮಲಗಿತ್ತು. ಮೀಸೆ, ಕಾಲು, ಬಾಲ ಎಲ್ಲ ಇದ್ದ ಹಾಗೇ ಇದ್ದವು. ಅಲುಗಾಟ ಮಾತ್ರ ಇಲ್ಲ. ಮೊದಲ ಗಿರಾಕಿ, ಅದರಲ್ಲೂ ಮಾವ, ಅದರಲ್ಲೂ ಈ ಮಾವ.

"ಏನೂ ಹೇಳಬೇಡಿ ಮಾವ."

"ಅಲ್ಲ, ನಾನು ಹೇಳೋದು ಏನಂದ್ರೆ..."

"ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಒಂದು ಮಾತೂ ಆಡಬೇಡಿ."

ಮುಖ ಆಚೆ ತಿರುಗಿಸಿ, ಟಿಶ್ಯೂ ಕಾಗದ ಹಿಡಿದ ಎರಡೇ ಬೆರಳಿನಲ್ಲಿ ಹೆಣವನ್ನು ಎತ್ತಿ ಪಕ್ಕಕ್ಕಿಟ್ಟರು. ಅದೇ ಡಬ್ಬಿಗೆ ಹೊಸ ಸೀಗಡಿ ಬಿಟ್ಟರು. ಉಪ್ಪು ಎಷ್ಟಿರಬೇಕು, ಬಿಸಿ ಎಷ್ಟಿರಬೇಕು, ನೀರು ಹೇಗೆ ಬದಲಿಸಬೇಕು ಎಂದು ಬಾಗಿಲವರೆಗೂ ಉಪನ್ಯಾಸ ಕೊಡುತ್ತ ಬೀಳ್ಕೊಟ್ಟರು. ಮಾವ ನಡುನಡುವೆ ಬಾಯಿ ತೆರೆದರು, ಮುಚ್ಚಿದರು. ಹೊಸ ಸೀಗಡಿಯನ್ನು ಒಮ್ಮೆ, ಅಳಿಯನನ್ನು ಒಮ್ಮೆ ನೋಡಿ ಮೆಟ್ಟಿಲಿಳಿದರು.

ಮುಂದಿನ ತಿಂಗಳು ಅದೇ ಡಬ್ಬಿ ಮತ್ತೆ ಬಂತು.

"ಅಳಿಯಂದಿರೇ, ಇವತ್ತಾದ್ರೂ ಸ್ವಲ್ಪ ನನ್ನ ಮಾತು ಕೇಳಿ..."

"ಇನ್ನು ಮಾತೇನು ಮಾವ, ನನ್ನ ಮಾನ ಹೋಯ್ತು. ತಗೊಳ್ಳಿ, ಒಂದಲ್ಲ, ಎರಡು ತಗೊಳ್ಳಿ." ಮೇಲೊಂದು ಮಹಾರಾಣಿಯ ಬೆಂಡೋಲೆಯನ್ನೂ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಟ್ಟರು.

ಮೂರನೆಯ ಸಲ ಮಾವ ತುಟಿ ಬಿಚ್ಚಲಿಲ್ಲ. ಸುಮ್ಮನೆ ಡಬ್ಬಿ ಮುಂದೆ ಚಾಚಿದರು, ತುಂಬಿಸಿಕೊಂಡು ಹೋದರು. ಆಮೇಲಾಮೇಲೆ ಡಬ್ಬಿ ದೊಡ್ಡದಾಯಿತು, ಒಂದೊಂದು ಭೇಟಿಗೆ ಎರಡು ಮೂರು ಹೆಣಗಳು ಬರತೊಡಗಿದವು.

"ನಿಮ್ಮಪ್ಪನ ಮುಖ ನೋಡಿದೆಯಾ?" ಎಂದರು ರಾಯರು ಗದ್ಗದಿತರಾಗಿ.

"ನೋಡಿದೆ. ನಗು ತಡ್ಕೊಂಡ ಹಾಗಿತ್ತು."

"ಅದು ಅಳು ಕಣೇ. ನಿನಗೆಲ್ಲಿ ಗೊತ್ತಾಗಬೇಕು."

ಗ್ಯಾರಂಟಿಯ ಕೀರ್ತಿ ಹಬ್ಬಿತು, ಹಲ್ಲಿನ ಡಾಕ್ಟರೂ ಗಿರಾಕಿಯಾದರು. ಹೆಂಡತಿಯೂ ಒಂದು ಸಂಜೆ ಕೆಲಸದಿಂದ ಬಂದವರೇ ಚೀಲದಿಂದ ಪೊಟ್ಟಣ ತೆಗೆದು ಗಂಡನ ಕೈಲಿಟ್ಟರು. "ನಮ್ಮ ಡಾಕ್ಟರು ಕಳಿಸಿದಾರೆ. ಬಸ್ಸಲ್ಲಿ ಹೆಣ ಹೊತ್ಕೊಂಡು ಬಂದಿದೀನಿ. ಟಿಕೆಟ್ ಮಾತ್ರ ಒಂದೇ ತಗೊಂಡೆ."

ರಾಯರು ನಗಲಿಲ್ಲ. ಅವರ ಸ್ವಂತ ತೊಟ್ಟಿಗಳಲ್ಲೂ ಆಗಾಗ ಒಂದೊಂದು ಹೆಣ ತೇಲುತ್ತಿತ್ತು. ಉಳಿದವನ್ನು ಎಣಿಸೋಣವೆಂದರೆ ಅವು ಕಲ್ಲಿನ ಸಂದಿ ಬಿಟ್ಟು ಈಚೆಗೆ ಬರುತ್ತಿರಲಿಲ್ಲ. ಹೆಂಡತಿ ನೋಡುವ ಮೊದಲೇ ತೇಲಿದ್ದನ್ನೆತ್ತಿ, ಒಣಗಿಸಿ, ಬಿಸ್ಕತ್ತಿನ ಡಬ್ಬದಲ್ಲಿ ಜೋಪಾನ ಮಾಡಿದರು. ಪುರಾವೆ ನೋಡಿ! ತಪ್ಪು ಯಾರದೆಂದು ಹುಡುಕತೊಡಗಿದರು. ಮೊದಲು ಸಿಕ್ಕವರು ಮನೆಯವರೇ.

"ನೀನು ನೆಲಕ್ಕೆ ಫಿನಾಯಿಲ್ ಹಾಕಿದ್ದೇ ಇದಕ್ಕೆಲ್ಲ ಕಾರಣ."

"ನೆಲ ಇದೆಯಾ ಈ ಮನೇಲಿ? ನಾನು ಉಪ್ಪು ಮಾತ್ರ ಒರೆಸ್ತಾ ಇದೀನಿ ಅಂದ್ಕೊಂಡಿದ್ದೆ."

ಕೊನೆಗೆ ಅನುಮಾನ ಸಗಟು ವ್ಯಾಪಾರಿಯ ಮೇಲೆ ನಿಂತಿತು. ರಾಯರು ಸೀಗಡಿ ಕೊಳ್ಳುತ್ತಿದ್ದದ್ದು ಅವನಲ್ಲಿ. ಈಚೀಚೆಗೆ ಅವನು "ಇದು ಪಳಗಿದ ಮಾಲು ಸಾರ್, ಒಬ್ಬ ಯಜಮಾನರು ಮನೆ ತೊಟ್ಟಿಯಲ್ಲಿ ಸಾಕಿ ತಂದುಕೊಡ್ತಾರೆ, ಸಾಯೋ ಮಾತೇ ಇಲ್ಲ" ಎಂದು ಬೆಲೆ ಏರಿಸಿದ್ದ. ರಾಯರು ಹೆಮ್ಮೆಯಿಂದ ಅದನ್ನೇ ಆರಿಸಿ ಆರಿಸಿ ತರುತ್ತಿದ್ದರು. ಸಾಯೋ ಮಾತೇ ಇಲ್ಲವಂತೆ! ಭಾನುವಾರ ಬಿಸ್ಕತ್ತಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ದಂಡಯಾತ್ರೆ ಹೊರಟೇಬಿಟ್ಟರು.

ಸಗಟಿನವನ ಅಂಗಡಿ ಉದ್ದನೆಯ ಇಕ್ಕಟ್ಟು ಕೋಣೆ. ಎರಡೂ ಬದಿ ಟಬ್ಬುಗಳ ಸಾಲು, ಗುಂಯ್‌ಗುಟ್ಟುವ ಪಂಪುಗಳು, ಕಾಲಿಟ್ಟಲ್ಲೆಲ್ಲ ನೀರು. ರಾಯರು ಕೌಂಟರಿನ ಮೇಲೆ ಡಬ್ಬ ತೆರೆದು, ಟಿಶ್ಯೂ ಕಾಗದದಲ್ಲಿ ಹಿಡಿದು ಹೆಣಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿದರು.

"ಇದಕ್ಕೇನಂತೀಯಪ್ಪ? ನಾನು ಪುರಾವೆ ಇಲ್ಲದೆ ಮಾತಾಡೋನಲ್ಲ."

ಸಗಟಿನವ ಬಗ್ಗಿ ನೋಡಿದ. ಆಮೇಲೆ ತುಟಿ ಚೂಪು ಮಾಡಿ ಉಫ್ ಎಂದು ಊದಿದ. ಅಷ್ಟೂ ಹೆಣಗಳು ಕಡಲೆಕಾಯಿ ಸಿಪ್ಪೆಯ ಹಾಗೆ ಹಾರಿ ಹೋಗಿ ನೆಲಕ್ಕೆ ಬಿದ್ದವು.

"ಒಳ್ಳೆ ತಮಾಷೆ ಮಾಡ್ತೀರಿ ಸಾರ್. ಇವು ಹೆಣಾನಾ? ಬರೀ ಚಿಪ್ಪು. ಸೀಗಡಿ ಮೈ ಬೆಳೆದ ಹಾಗೆ ಹಳೇದು ಕಳಚಿ ಹಾಕುತ್ತೆ, ಹೊಸ ಚಿಪ್ಪು ಗಟ್ಟಿ ಆಗೋವರೆಗೂ ಕಲ್ಲಿನ ಸಂದೀಲಿ ಅಡಗಿರುತ್ತೆ. ಕೈಲಿ ಹಿಚುಕಿ ನೋಡಿದ್ರೆ ಮಗೂಗೂ ಗೊತ್ತಾಗುತ್ತೆ. ನಿಮ್ಮಂಥ ತಿಳಿದವರಿಗೆ ನಾನೇನು ಹೇಳೋದು."

ಆಫೀಸಿನಲ್ಲಿ ಮುರಿದ ಕಾಲನ್ನೂ ನಂಬದ ಮನುಷ್ಯ ಇಷ್ಟು ತಿಂಗಳು ಒಂದೇ ಒಂದು ಹೆಣವನ್ನೂ ಬರಿಗೈಯಲ್ಲಿ ಮುಟ್ಟಿ ನೋಡಿರಲಿಲ್ಲ.

"ಹ್ಞಾಂ... ತಮಾಷೆಗೇ ತಂದೆ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

"ಆದ್ರೆ ನಿಜವಾಗ್ಲೂ ಒಬ್ಬ ಪುಣ್ಯಾತ್ಮ ಇದಾನಂತೆ ಸಾರ್ ಈ ಊರಲ್ಲಿ. ಚಿಪ್ಪು ತಗೊಂಡು ಹೋಗಿ ಕೊಟ್ರೆ ಹೆಣ ಅಂದ್ಕೊಂಡು ಹೊಸ ಸೀಗಡಿ ಕೊಡ್ತಾನಂತೆ. ಹಳೇದೂ ಜೀವಂತ, ಹೊಸದೂ ಜೀವಂತ. ತೊಟ್ಟೀಲಿ ಜಾಗ ಸಾಲದೆ ಯಜಮಾನರು ತಂದು ನನಗೆ ಹಾಕ್ತಾರೆ. ನಾನು ನಿಮಗೆ ಕೊಡೋ ಪಳಗಿದ ಮಾಲು ಅದೇ. ಅಗೋ, ಬಂದೇಬಿಟ್ರು, ನೂರು ವರ್ಷ ಆಯಸ್ಸು ಅವರಿಗೆ."

ಬಾಗಿಲಲ್ಲಿ ಮಾವ ನಿಂತಿದ್ದರು, ಕೈಯಲ್ಲಿ ಬಕೆಟ್ಟು. ಅಳಿಯ ಮಾವನನ್ನು ನೋಡಿದರು, ಮಾವ ಅಳಿಯನನ್ನು ನೋಡಿದರು. ಕಳ್ಳ ತೂಕದ ಬಟ್ಟಿನ ಸಮೇತ ಸಿಕ್ಕಿಬಿದ್ದ ಅಂಗಡಿಯವನ ಮುಖ ಹೇಗಿರುತ್ತದೆಂದು ಜೀವನಪೂರ್ತಿ ನೋಡಿದ್ದ ಮಾವನವರು, ಆ ಮುಖವನ್ನೇ ಅರೆಕ್ಷಣ ತಾವೂ ಹೊತ್ತು ನಿಂತರು. ಆಮೇಲೆ ಸಾವರಿಸಿಕೊಂಡು ಬಕೆಟ್ಟನ್ನು ಕೆಳಗಿಟ್ಟರು.

"ಯಜಮಾನರೇ, ಆ ಪೆದ್ದ ಯಾರು ಅಂತ ಇವತ್ತಾದ್ರೂ ಬಾಯಿಬಿಡಿ. ಈ ಸಾಹೇಬ್ರೂ ಕೇಳಿ ನಕ್ಕೊಳ್ಳಲಿ."

"ಅದು ಹೇಳೋ ಹಾಗಿಲ್ಲಪ್ಪ" ಎಂದರು ಮಾವ ತಗ್ಗಿದ ದನಿಯಲ್ಲಿ. "ಮಗಳನ್ನ ಕೊಟ್ಟ ಮನೆ."

"ಅಯ್ಯೋ, ಆ ಹೆಣ್ಣುಮಗಳ ಗತಿಯೇ" ಎಂದು ಸಗಟಿನವ ಲೊಚಗುಟ್ಟಿದ. "ಅಲ್ವಾ ಸಾರ್?"

"ಪಾಪ" ಎಂದರು ಪುರಾವೆರಾಯರು.

ಇಬ್ಬರೂ ಬೀದಿಗಿಳಿದರು. ರಾಯರಿಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ನಾಚಿಕೆಯಾಗಿತ್ತು.

"ಇದು ನ್ಯಾಯಾನಾ ಮಾವ? ತಕ್ಕಡಿ ಹಿಡಿದು ಬಾಳಿದವರು ನೀವು. ಮೊದಲ ಸಲವೇ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೇ ಬಂದಿದ್ದೆ ಅಳಿಯಂದಿರೇ. ಎಷ್ಟು ಚೆನ್ನಾಗಿ ಅಂಗಿ ಬಿಚ್ಚಿಟ್ಟಿದೆ ನೋಡಿ ಅಂತ ತೋರಿಸೋಕೆ ತಂದೆ. ನೀವು ಬಾಯಿ ತೆರೆಯೋಕೆ ಬಿಡಲಿಲ್ಲ."

"ಎರಡನೇ ಸಲ?"

"ಬಾಯಿ ತೆರೆದೆ. ನೀವು ಎರಡು ಕೊಟ್ಟಿರಿ."

"ಮೂರನೇ ಸಲ?"

"ಮೂರನೇ ಸಲ ನಾನೇ ತೆರೆಯಲಿಲ್ಲ."

ರಾಯರು ನಿಂತರು. ಕೋಪ ಇಳಿದುಹೋಗಿ, ಕಣ್ಣಮುಂದೆ ಊಟದ ಮೇಜು ಬಂದಿತ್ತು. ವರ್ಷ ಮುಗಿಯುತ್ತ ಬಂದಿತ್ತು.

"ಆಗಿದ್ದು ಆಯ್ತು ಮಾವ, ಹೊಟ್ಟೆಗೆ ಹಾಕ್ಕೊಳ್ಳೋಣ. ನಿಮ್ಮ ಮಗಳ ಹತ್ರ ನನ್ನ ಬಗ್ಗೆ ಒಂದೇ ಒಂದು ಒಳ್ಳೆ ಮಾತು ಹೇಳಿಬಿಡಿ. ಒಳ್ಳೆ ವ್ಯಾಪಾರಿ ಅಂತ ಅಂದ್ರೆ ಸಾಕು."

"ಸುಳ್ಳು ಹೇಳಿ ಅಭ್ಯಾಸ ಇಲ್ವಲ್ಲ" ಎಂದು ಮಾವ ತಲೆ ಕೆರೆದುಕೊಂಡರು. ಅಳಿಯನ ಮುಖ ನೋಡಿ ಕರುಳು ಚುರ್ ಎಂದಿರಬೇಕು. "ಆಯ್ತು, ನಡೀರಿ. ನಿಜವಾದ್ದೇ ಒಂದು ಒಳ್ಳೆ ಮಾತು ಸಿಗುತ್ತಾ ಯೋಚನೆ ಮಾಡ್ತೀನಿ."

ದಾರಿಯುದ್ದಕ್ಕೂ ಯೋಚಿಸಿದರು. ಬಾಗಿಲು ತೆರೆದ ಮಗಳು ಅಪ್ಪನನ್ನೂ ಗಂಡನನ್ನೂ ಖಾಲಿ ಬಕೆಟ್ಟನ್ನೂ ನೋಡಿ ಹುಬ್ಬೇರಿಸಿದರು. ಮಾವ ಗಂಟಲು ಸರಿಮಾಡಿಕೊಂಡು ಅಳಿಯನ ಹೆಗಲ ಮೇಲೆ ಕೈಯಿಟ್ಟರು. ಮದುವೆಯಾದಾಗಿನಿಂದ ಇಟ್ಟಿರಲಿಲ್ಲ. ರಾಯರ ಎದೆ ತುಂಬಿಬಂತು.

"ನೋಡಮ್ಮಾ, ನಿನ್ನ ಗಂಡನ ಬಗ್ಗೆ ಒಂದು ಒಳ್ಳೆ ಮಾತು ಹೇಳೋಣ ಅಂತಲೇ ಬಂದೆ. ನನ್ನ ಸರ್ವೀಸಿನಲ್ಲಿ ಊರಿನ ಒಂದು ಅಂಗಡಿಯನ್ನೂ ಬಿಟ್ಟಿಲ್ಲ. ಆದ್ರೆ ತಾವೇ ಪುಕ್ಕಟೆ ಕೊಟ್ಟ ಮಾಲನ್ನೇ ತಿರುಗಿ ದುಡ್ಡು ಕೊಟ್ಟು ಕೊಂಡ್ಕೊಳ್ಳೋ ಇಂಥ ಒಳ್ಳೇ ಗಿರಾಕಿಯನ್ನ ನಾನು ಎಲ್ಲೂ ನೋಡಿಲ್ಲ."